ತೋಳು ಸಣ್ಣದಾದರೆ ಹೊಡೆತವೂ ಸಣ್ಣದೇ?

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಪರೀಕ್ಷೆ, ಪೇಪರ್ ತಿದ್ದುವುದು, ನಡುವೆ ಊರಿಗೆ ಹೋಗಿ ಬಂದದ್ದು... ಕಾರಣ ಹೇಳುತ್ತ ಕೂತರೆ ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿಯೇ ಹೇಳಿಯೇನು. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದು ಬ್ಯಾಟಿನ ದೆಸೆಯಿಂದ. ಕ್ರಿಕೆಟ್ ಬ್ಯಾಟಲ್ಲ, ಬೇಸ್‌ಬಾಲ್ ಬ್ಯಾಟು.

ನಾನಿರುವುದು ಗೋವಾದ ವೆರ್ಣಾದಲ್ಲಿ ಎಂಬುದು ಹಳೆಯ ಓದುಗರಿಗೆ ಗೊತ್ತು. ಕೈಗಾರಿಕಾ ವಸಾಹತು ಇರುವ ಈ ಎತ್ತರದ ಬಯಲಿನಲ್ಲಿ ಮಳೆ ನಿಂತ ಮೇಲೆ ಹುಲ್ಲು ಒಣಗಿ, ಕೆಂಪು ಚಿರೇಕಲ್ಲಿನ ನೆಲ ಬಿಸಿಲಿಗೆ ಹಂಚಿನ ಹಾಗೆ ಕಾಯುತ್ತದೆ. ಆ ನೆಲದ ಮೇಲೆಯೇ ನಮ್ಮ ಮಕ್ಕಳ ಆಟ. ಹೆಚ್ಚಿನವರ ತಂದೆತಾಯಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದವರು. ಗೌಂಡಿ ಕೆಲಸ, ಫ್ಯಾಕ್ಟರಿಯ ಲೋಡಿಂಗು, ಮನೆಗೆಲಸ. ಒಬ್ಬ ಹುಡುಗನ ಅಪ್ಪ ಗುಜರಿ ಅಂಗಡಿಯಲ್ಲಿದ್ದಾನೆ. ಅಲ್ಲಿಗೆ ಬಂದ ಸಾಮಾನಿನಲ್ಲಿ ಒಂದು ಬೇಸ್‌ಬಾಲ್ ಬ್ಯಾಟು ಇತ್ತಂತೆ, ಮಗ ಅದನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ತಂದ. ನೋಡಿದರೆ ಹೊಚ್ಚ ಹೊಸದು, ಚೆಂಡು ಮುಟ್ಟಿದ ಒಂದು ಗುರುತೂ ಇಲ್ಲ. ನಮ್ಮ ದೇಶದಲ್ಲಿ ಬೇಸ್‌ಬಾಲ್ ಬ್ಯಾಟು ಕೊಳ್ಳುವವರು ಅದರ ಚೆಂಡು ಕೊಳ್ಳುವುದು ಅಪರೂಪ, ಕಾರಿನ ಸೀಟಿನ ಕೆಳಗೆ ಇಟ್ಟುಕೊಳ್ಳುವುದಕ್ಕೆ ಚೆಂಡು ಯಾಕೆ ಬೇಕು ಬಿಡಿ!

ನಮಗೆ ಮಾತ್ರ ಅದು ಆಟಕ್ಕೇ ಬಂತು. ಹಳೆಯ ಟೆನಿಸ್ ಚೆಂಡು, ಈ ಬ್ಯಾಟು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಸಮಯ. ಅಷ್ಟರಲ್ಲಿ ಒಂದು ಕಡೆ ಸಾಫ್ಟ್‌ಬಾಲ್ ತಂಡಕ್ಕೆ ಶಾಲಾ ಮಕ್ಕಳನ್ನು ಆರಿಸುತ್ತಿದ್ದಾರೆ ಎಂದು ಗೊತ್ತಾಯಿತು. ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ನಮ್ಮ ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿರುವ ಆಟಗಳೇ. ಚೆಂಡಿನ ಗಾತ್ರ, ಎಸೆಯುವ ರೀತಿ ಬೇರೆ, ಬ್ಯಾಟು ಬೀಸುವ ಕ್ರಮ ಹೆಚ್ಚುಕಡಿಮೆ ಒಂದೇ. ಮೂವರು ಹುಡುಗರನ್ನು ಕರೆದುಕೊಂಡು ಹೋದೆ.

ಮೂವರಲ್ಲಿ ಏಳನೇ ಇಯತ್ತೆಯ ಒಬ್ಬ, ಒಣಗಿದ ಜೋಳದ ದಂಟಿನಂಥವನು. ಆರಿಸುವವರು ಅವನ ತೋಳನ್ನು ಹೆಬ್ಬೆರಳು ಮತ್ತು ನಡುಬೆರಳಿನ ಮಧ್ಯೆ ಹಿಡಿದು ನೋಡಿದರು. ಎರಡು ಬೆರಳೂ ಕೂಡಿದವು. "ಈ ಕೈಯಲ್ಲಿ ಏನು ಹೊಡೀತಾನೆ? ಮೊದಲು ಊಟ ಮಾಡಿ ಬರಲಿ" ಅಂದರು. ಸುತ್ತ ನಿಂತವರು ನಕ್ಕರು. ಅವನ ಕೈಗೆ ಬ್ಯಾಟು ಸಿಗಲೇ ಇಲ್ಲ. ಒಂದು ಚೆಂಡನ್ನೂ ಹೊಡೆಸಿ ನೋಡದೆ ಅವನನ್ನು ಪಕ್ಕಕ್ಕೆ ನಿಲ್ಲಿಸಿದರು.

ಸಿಟ್ಟು ಬಂತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೂ ಸಿಟ್ಟು ಬಂತು. ಯಾಕೆಂದರೆ ಮೈದಾನದಲ್ಲಿ ನಾನೂ ಅದನ್ನೇ ಕೂಗುತ್ತಿದ್ದೆ. "ಕೈ ಬೀಸೋ! ಜೋರಾಗಿ ಕೈ ಬೀಸೋ!" ಅವರು ತೋಳು ಹಿಡಿದು ಹೇಳಿದ್ದನ್ನು ನಾನು ದೂರ ನಿಂತು ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ. ಹೊಡೆತದ ಬಲ ತೋಳಿನಲ್ಲಿದೆ ಎಂದು ಇಬ್ಬರೂ ನಂಬಿದ್ದೆವು.

ಆ ನಂಬಿಕೆ ತಪ್ಪು ಎಂಬುದೇ ಇವತ್ತಿನ ಬರಹ. ಮೊದಲು ಅದನ್ನು ನನಗೆ ಹೇಳಿಕೊಟ್ಟವರು ಯಾವ ಕೋಚೂ ಅಲ್ಲ, ಅದೇ ಹುಡುಗನ ತಾಯಿ. ಮರುದಿನ ವಿಷಯ ತಿಳಿಸೋಣ ಅಂತ ಅವರ ಚಾಳಿನ ಕಡೆ ಹೋದಾಗ ಆಕೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ನೆನೆದ ಚಾದರ, ಎರಡು ಮೂರು ಕಿಲೋ ಆದರೂ ಇದ್ದೀತು. ಆಕೆಯ ತೋಳೂ ಮಗನ ತೋಳಿನ ಹಾಗೆಯೇ. ಆದರೆ ಕಲ್ಲಿನ ಮೇಲೆ ಬೀಳುವ ಒಂದೊಂದು ಒಗೆತಕ್ಕೂ "ಫಟ್" ಎಂದು ಸಾಲುಮನೆಗಳೆಲ್ಲ ಕೇಳುವ ಸದ್ದು.

"ಅಕ್ಕಾರ, ಅಷ್ಟ ಜೋರ್ ಒಗೀತೀರಲ್ಲ, ತೋಳು ನೋಯಂಗಿಲ್ಲೇನ್ರಿ?" ಅಂದೆ.

"ಬರೇ ಕೈಲೆ ಒಗದ್ರ ನೋಯ್ತಾವ್ರಿ ಸರ. ನಡಾ ಹಾಕಿ ಒಗೀಬೇಕ್ರಿ" ಅಂದರು.

ನಡ ಹಾಕಿ ಒಗೆಯಬೇಕು! ನಿಂತು ನೋಡಿದೆ. ಒಂದು ಕಾಲು ಮುಂದೆ. ಚಾದರ ಹೆಗಲ ಹಿಂದಕ್ಕೆ ಹೋದಾಗ ಮೈಭಾರ ಹಿಂದಿನ ಕಾಲಿನ ಮೇಲೆ. ಬರುವಾಗ ಮೊದಲು ತಿರುಗುವುದು ಸೊಂಟ, ಆಮೇಲೆ ಹೆಗಲು, ಆಮೇಲೆ ಮೊಣಕೈ ಕೆಳಗಿಳಿಯುತ್ತದೆ, ಕೊನೆಗೆ ಮುಂಗೈ. ಎಲ್ಲದರ ಹಿಂದೆ ಚಾದರದ ತುದಿ. ಕಲ್ಲಿಗೆ ಬಡಿಯುವ ಹೊತ್ತಿಗೆ ಆಕೆಯ ಕೈ ಹೆಚ್ಚುಕಡಿಮೆ ನಿಂತೇ ಬಿಟ್ಟಿರುತ್ತದೆ, ಆದರೆ ಚಾದರದ ತುದಿ ಹಾರಿ ಬರುತ್ತದೆ. ಊರಲ್ಲಿ ಎತ್ತಿನ ಗಾಡಿಯವರ ಬಾರುಕೋಲು ನೋಡಿದವರಿಗೆ ಇದು ಹೊಸದಲ್ಲ. ಹಿಡಿ ನಿಧಾನ ಚಲಿಸಿ ನಿಲ್ಲುತ್ತದೆ, ಬಾರಿನ ತುದಿ ಚಟಾರನೆ ಸಿಡಿಯುತ್ತದೆ.

ಬೇಸ್‌ಬಾಲಿನ ಹೊಡೆತವೂ ಇದೇ. ಆ ರಾತ್ರಿಯಿಂದ ಒಂದು ವಾರ ಸಿಕ್ಕಿದ್ದನ್ನೆಲ್ಲ ಓದಿದೆ.

ಅಮೆರಿಕದ ದೊಡ್ಡ ಲೀಗಿನಲ್ಲಿ ಚೆಂಡು ಎಸೆಯುವವನಿಗೂ ಹೊಡೆಯುವವನಿಗೂ ನಡುವಿನ ದೂರ 60 ಅಡಿ 6 ಇಂಚು. ಗಂಟೆಗೆ 145–150 ಕಿಲೋಮೀಟರ್ ವೇಗದ ಚೆಂಡು ಆ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಬ್ಯಾಟು ಬೀಸುವುದಕ್ಕೆ ಸಿಗುವುದು ಸುಮಾರು 0.15 ಸೆಕೆಂಡು, ಅಂದರೆ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟರೊಳಗೆ ಸುಮಾರು 900 ಗ್ರಾಂ ತೂಕದ ಬ್ಯಾಟಿನ ತುದಿ ಗಂಟೆಗೆ 110 ಕಿಲೋಮೀಟರ್ ದಾಟಬೇಕು. ಸ್ಥೂಲವಾಗಿ ಲೆಕ್ಕ ಹಾಕಿದೆ, ಆ ಕ್ಷಣಕ್ಕೆ ಬೇಕಾಗುವುದು ಎರಡು ಅಶ್ವಶಕ್ತಿಗೂ ಮೇಲೆ. ನಮ್ಮ ಹೊಲದ ಎರಡು ಎಚ್‌ಪಿ ಪಂಪ್‌ಸೆಟ್ಟು ನೆನಪಿಸಿಕೊಳ್ಳಿ. ಯಾವ ಪೈಲ್ವಾನನ ತೋಳಿನಲ್ಲೂ ಅಂಥ ಪಂಪ್‌ಸೆಟ್ಟು ಕೂರಲಾರದು. ತೋಳಿನ ಸ್ನಾಯು ಎಷ್ಟಿದ್ದೀತು? ದೇಹದ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ಪಿರ್ರೆಯಲ್ಲಿ, ಬೆನ್ನಿನಲ್ಲಿ. ಅಷ್ಟು ಬಲ ಬರಬೇಕಾದರೆ ಅಲ್ಲಿಂದಲೇ ಬರಬೇಕು.

ಇದು ಬರೀ ಊಹೆಯಲ್ಲ. 1993ರಲ್ಲಿ ಅಮೆರಿಕದ ಸಂಶೋಧಕರು ವೃತ್ತಿಪರ ಆಟಗಾರರ ಸ್ನಾಯುಗಳಿಗೆ ತಂತಿ ಜೋಡಿಸಿ, ಬ್ಯಾಟು ಬೀಸುವಾಗ ಯಾವ ಸ್ನಾಯು ಎಷ್ಟು ದುಡಿಯುತ್ತದೆ ಎಂದು ಅಳೆದರು. ದುಡಿತ ಶುರುವಾಗುವುದು ಸೊಂಟ ಮತ್ತು ತೊಡೆಯಲ್ಲಿ, ಅಲ್ಲಿಂದ ಮುಂಡಕ್ಕೆ, ಕಟ್ಟಕಡೆಗೆ ತೋಳಿಗೆ. 1995ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕ್ಯಾಮೆರಾ ಇಟ್ಟು ವೇಗ ಅಳೆಯಿತು. ಸೊಂಟ ಸೆಕೆಂಡಿಗೆ 714 ಡಿಗ್ರಿ ವೇಗದಲ್ಲಿ ತಿರುಗುತ್ತದೆ, ಹೆಚ್ಚುಕಡಿಮೆ ಎರಡು ಪೂರ್ತಿ ಸುತ್ತಿನ ವೇಗ. ಅದರ ಬೆನ್ನಿಗೇ ಹೆಗಲು 937 ಡಿಗ್ರಿ. ಕೊನೆಗೆ ಬ್ಯಾಟು ಸೆಕೆಂಡಿಗೆ 31 ಮೀಟರ್. ಒಂದೊಂದು ಕೊಂಡಿಯೂ ಹಿಂದಿನ ಕೊಂಡಿಯ ವೇಗವನ್ನು ಈಸಿಕೊಂಡು ತಾನಿಷ್ಟು ಸೇರಿಸಿ ಮುಂದಕ್ಕೆ ದಾಟಿಸುತ್ತದೆ. ಚಾದರದ ಕಥೆಯೇ.

ಹಾಗಾದರೆ ತೋಳಿಗೆ ಕೆಲಸವೇ ಇಲ್ಲವೇ? ಇದೆ, ಬಹಳ ಸೂಕ್ಷ್ಮವಾದ ಕೆಲಸ. ನಾವು "ಜೋರಾಗಿ ಬೀಸೋ" ಎಂದು ಕೂಗಿ ಕೆಡಿಸುವುದೇ ಆ ಕೆಲಸವನ್ನು.

ಬಲಗೈ ಆಟಗಾರನನ್ನೇ ತೆಗೆದುಕೊಳ್ಳಿ. ಎಡ ಮಗ್ಗುಲು ಎಸೆಯುವವನ ಕಡೆ. ಹಿಡಿಯಲ್ಲಿ ಎಡಗೈ ಕೆಳಗೆ, ಬಲಗೈ ಮೇಲೆ. ಎರಡೂ ಮೊಣಕೈ ಮಡಚಿವೆ, ಕೈಗಳು ಬಲ ಹೆಗಲಿನ ಹತ್ತಿರ. ಎಡಗಾಲು ಮುಂದಿಟ್ಟು ಸೊಂಟ ತಿರುಗಲು ಶುರುವಾದಾಗ ಕೈಗಳು ಹಿಂದೆಯೇ ಉಳಿಯಬೇಕು. ಸೊಂಟ ಮುಂದೆ, ಕೈ ಹಿಂದೆ. ಎಡತೋಳು ಎದೆಗೆ ಅಡ್ಡಲಾಗಿ ಬಿಗಿಯುತ್ತದೆ, ರಬ್ಬರು ಎಳೆದ ಹಾಗೆ. ಎಳೆದು ಹಿಡಿದ ಈ ಅರೆಗಳಿಗೆಯೇ ಮಕ್ಕಳಿಗೆ ಬರುವುದು ತಡವಾಗಿ. ಆತುರಕ್ಕೆ ಕೈ ಮೊದಲೇ ಓಡಿಬಿಡುತ್ತದೆ.

ಆಮೇಲೆ ಬಲ ಮೊಣಕೈ. ಗಾಳಿಯಲ್ಲಿ ರೆಕ್ಕೆಯ ಹಾಗೆ ಎದ್ದಿದ್ದ ಅದು ಈಗ ಇಳಿದು ಪಕ್ಕೆಲುಬಿಗೆ ಒತ್ತಿಕೊಂಡು ಬರುತ್ತದೆ. ಮುಂಡ ತಿರುಗುತ್ತಿದ್ದ ಹಾಗೆ ಕೈಗಳು ಎದೆಯ ಸಮೀಪದಲ್ಲೇ ಜಾರಿ ಬರುತ್ತವೆ, ಬ್ಯಾಟು ಇನ್ನೂ ಹಿಂದೆಯೇ ಮಲಗಿರುತ್ತದೆ. ನಮ್ಮ ಮಕ್ಕಳು (ಮತ್ತು ನಾನು) ಮಾಡುವ ದೊಡ್ಡ ತಪ್ಪು ಇಲ್ಲಿಯೇ. ದೂರ ಹೊಡೆಯಬೇಕೆಂಬ ಆಸೆಗೆ ಮೊದಲೇ ಎರಡೂ ತೋಳು ಉದ್ದಕ್ಕೆ ಚಾಚಿ, ಹೊಳೆಗೆ ಗಾಳ ಎಸೆದ ಹಾಗೆ ಬ್ಯಾಟನ್ನು ಹೊರಗೆ ಎಸೆದುಬಿಡುತ್ತೇವೆ. ತೋಳು ಚಾಚಿದಷ್ಟೂ ಬಲ ಹೆಚ್ಚು ಅನ್ನಿಸುತ್ತದೆ, ಆಗುವುದು ಉಲ್ಟಾ. ತಿರುಗುವ ಅಕ್ಷದಿಂದ ಭಾರ ಎರಡು ಪಟ್ಟು ದೂರ ಹೋದರೆ ಅದನ್ನು ತಿರುಗಿಸುವುದು ನಾಲ್ಕು ಪಟ್ಟು ಕಷ್ಟ. ವಿಜ್ಞಾನದ ಮೇಷ್ಟರು ತಿರುಗುವ ಕುರ್ಚಿಯ ಮೇಲೆ ಕೂತು ಕೈ ಚಾಚಿ, ಮಡಚಿ ತೋರಿಸುವ ಪ್ರಯೋಗ ಇದೆಯಲ್ಲ, ಅದೇ. ಕೈ ಮಡಚಿದರೆ ಮೈ ಗಿರ್ರನೆ ತಿರುಗುತ್ತದೆ, ಚಾಚಿದರೆ ನಿಧಾನವಾಗುತ್ತದೆ.

ಇನ್ನು ಚೆಂಡು ತಾಗುವ ಕ್ಷಣ. ಆಗಲೂ ಬಲ ಮೊಣಕೈ ಪೂರ್ತಿ ನೆಟ್ಟಗಾಗಿರುವುದಿಲ್ಲ, ಪಕ್ಕೆಯ ಹತ್ತಿರ ಬಾಗಿಯೇ ಇರುತ್ತದೆ. ಬಲ ಅಂಗೈ ಆಕಾಶ ನೋಡುತ್ತದೆ, ಎಡ ಅಂಗೈ ನೆಲ ನೋಡುತ್ತದೆ. ಟಿವಿಯಲ್ಲಿ ನಾವು ನೋಡುವ ಆ ಚೆಂದದ, ಎರಡೂ ತೋಳು ಉದ್ದಕ್ಕೆ ಚಾಚಿದ ಭಂಗಿ ಚೆಂಡು ಹೋದ ಮೇಲಿನದು. ಮುಂಗೈ ಹೊರಳುವುದೂ ಆಮೇಲೆಯೇ. ಫೋಟೋ ನೋಡಿ ಕಲಿಯುವವರು ಕೊನೆಯದನ್ನು ಮೊದಲು ಮಾಡಿಬಿಡುತ್ತಾರೆ. ನಾವು ಪಾಠದ ಕೊನೆಯ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ ಪಾಠ ಮುಗಿಯಿತು ಅನ್ನುತ್ತೇವಲ್ಲ, ಹಾಗೆ!

ಹಿಡಿತದ ಬಗ್ಗೆಯೂ ಒಂದು ಮಾತು. ಗಟ್ಟಿಯಾಗಿ ಹಿಡಿದಷ್ಟೂ ಹೊಡೆತ ಗಟ್ಟಿ ಎಂದು ನಾನು ತಿಳಿದಿದ್ದೆ. ಯೇಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಅಡೇರ್ ಎಂಬವರು 1990ರಲ್ಲಿ ಬೇಸ್‌ಬಾಲಿನ ಭೌತವಿಜ್ಞಾನದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಚೆಂಡೂ ಬ್ಯಾಟೂ ಒಂದಕ್ಕೊಂದು ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಹೊಡೆತದ ಅದುರು ಹಿಡಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ಆ ಕ್ಷಣಕ್ಕೆ ಕೈ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದರಿಂದ ಚೆಂಡಿಗೆ ಏನೂ ಆಗುವುದಿಲ್ಲ ಎಂಬುದು ಅವರ ಮಾತು. ಸುಳ್ಳಿರಬೇಕು ಅನ್ನಿಸಿತು. ಆದರೆ 2012ರಲ್ಲಿ ಸಿನ್ಸಿನಾಟಿ ತಂಡದ ಟಾಡ್ ಫ್ರೇಜಿಯರ್ ಬೀಸಿದ ಬ್ಯಾಟು ಕೈಜಾರಿಯೇ ಹೋಯಿತು, ಚೆಂಡು ಮಾತ್ರ ಗಡಿ ದಾಟಿ ಹೋಮ್ ರನ್ ಆಯಿತು (ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ). ಬಿಗಿ ಹಿಡಿತ ಮಾಡುವುದು ಒಂದೇ ಕೆಲಸ, ಮುಂಗೈ ಮರಗಟ್ಟಿಸಿ ಬ್ಯಾಟನ್ನು ನಿಧಾನ ಮಾಡುವುದು. ಅಂಗೈಯಲ್ಲಿ ಅವುಚಿ ಹಿಡಿಯದೆ ಬೆರಳುಗಳಲ್ಲಿ ಹಿಡಿಯಬೇಕು, ಕೊಡಲಿ ಹಿಡಿದ ಹಾಗೆ. ಇದನ್ನು ಓದಿ "ಬಿಟ್ಟರೂ ಪರವಾಗಿಲ್ಲ" ಎಂದು ಯಾರೂ ಮಕ್ಕಳಿಗೆ ಹೇಳಬೇಡಿ ಮತ್ತೆ! ಕೈಬಿಟ್ಟ ಬ್ಯಾಟು ಯಾರ ತಲೆಗೆ ಹೋಗುತ್ತದೋ. ನಾವು ಹೊಡೆಯುವವನ ಸುತ್ತ ಇಪ್ಪತ್ತು ಹೆಜ್ಜೆ ಗೆರೆ ಎಳೆದು, ಅದರೊಳಗೆ ಯಾರೂ ಬರಬಾರದು ಎಂದು ಕಟ್ಟಳೆ ಮಾಡಿದ್ದೇವೆ.

ಓದಿದ್ದನ್ನು ಮೈದಾನದಲ್ಲಿ ಪರೀಕ್ಷಿಸದಿದ್ದರೆ ಮೇಷ್ಟರಿಗೆ ನಿದ್ದೆ ಬರುವುದಿಲ್ಲ. ಸೊಂಟದೆತ್ತರದ ಪ್ಲಾಸ್ಟಿಕ್ ಪೈಪೊಂದನ್ನು ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ ಅದರ ತುದಿಯಲ್ಲಿ ಚೆಂಡು ಇಟ್ಟೆವು. ಮೊದಲು ಆ ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ ಹೊಡೆಸಿದೆ. ಬರೀ ತೋಳು. ಎರಡನೆಯ ಸಲ ನಿಂತು, ಆದರೆ ಪಾದ ಕದಲಿಸುವ ಹಾಗಿಲ್ಲ. ಮೂರನೆಯ ಸಲ ಹೇಳಿದ್ದು ಒಂದೇ ಮಾತು: "ನಿಮ್ಮವ್ವ ಚಾದರ ಒಗದಂಗ ಹೊಡಿ."

ಹುಡುಗ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ನಕ್ಕ. ಆಮೇಲೆ ಹೊಡೆದ. ಸ್ಟೂಲಿನ ಮೇಲಿಂದ ಹೊಡೆದದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚು ದೂರ! ತೋಳು ಅದೇ, ಬ್ಯಾಟು ಅದೇ, ಚೆಂಡು ಅದೇ. ಒಂದು ವಾರದಲ್ಲಿ ಅವನ ತೋಳು ದಪ್ಪವಾಗಿರಲಿಲ್ಲ. ಉಳಿದ ಹುಡುಗರು ಚೆಂಡು ಹುಡುಕಲು ಗೇರುಮರಗಳ ಕೆಳಗೆ ಓಡಿದರು. ಹುಡುಗಿಯರಲ್ಲಿ ಇಬ್ಬರು "ನಾವೂ ಒಗೀತೀವ್ರಿ ಸರ" ಎಂದು ಮುಂದೆ ಬಂದರು, ಮತ್ತು ನಿಜ ಹೇಳುತ್ತೇನೆ, ಆ ಸೊಂಟ ಮೊದಲು, ಕೈ ಆಮೇಲೆ ಅನ್ನುವ ಕ್ರಮ ಹುಡುಗರಿಗಿಂತ ಅವರಿಗೆ ಬೇಗ ಹತ್ತಿತು. ದಿನಾ ಮನೆಯಲ್ಲಿ ಒಗೆಯುವವರು ಯಾರು ಎಂಬುದು ಇದರಿಂದ ಗೊತ್ತಾಗುತ್ತದೆ. ಅದು ಬೇರೆ ವಿಷಯ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ತೆಳ್ಳಗಿನ ತೋಳಿನವರು ದೊಡ್ಡ ಹೊಡೆತಗಾರರಾದ ಉದಾಹರಣೆ ಬೇಕೆ? ಟೆಡ್ ವಿಲಿಯಮ್ಸ್ ಎಂಬ ಆಟಗಾರನಿಗೆ ಅಮೆರಿಕದ ಪತ್ರಿಕೆಗಳು ಇಟ್ಟ ಅಡ್ಡಹೆಸರಿನ ಅರ್ಥ ನಮ್ಮ ಮಾತಿನಲ್ಲಿ "ಭಲೇ ಸಿಬಿರು" ಎಂದಾದೀತು. ಅಷ್ಟು ಸಪೂರ ಮೈ. ಅವನು ಹೊಡೆದ ಹೋಮ್ ರನ್ನುಗಳು 521. ನಿವೃತ್ತಿಯ ನಂತರ ಹೊಡೆತದ ವಿಜ್ಞಾನದ ಬಗ್ಗೆ ಪುಸ್ತಕ ಬರೆದು, ಸೊಂಟವೇ ದಾರಿ ತೋರಿಸಬೇಕು ಎಂದು ಒತ್ತಿ ಹೇಳಿದ. ಇನ್ನೊಬ್ಬ ಹ್ಯಾಂಕ್ ಆರನ್. 1934ರಲ್ಲಿ ಅಲಬಾಮಾದ ಮೊಬೈಲ್ ಎಂಬ ಊರಿನ ಬಡ ಕರಿಯರ ಮನೆಯಲ್ಲಿ ಹುಟ್ಟಿದವನು. ಚೆಂಡಿಗೆ ದುಡ್ಡಿಲ್ಲದೆ ಬಾಟಲಿಯ ಮುಚ್ಚಳಗಳನ್ನು ಕೋಲಿನಿಂದ ಹೊಡೆದು ಕಲಿತವನು. ಶುರುವಿನಲ್ಲಿ ಬ್ಯಾಟು ಹಿಡಿಯುತ್ತಿದ್ದುದೂ ಅಡ್ಡ ಕೈಯಲ್ಲಿ, ಎಡಗೈ ಇರಬೇಕಾದಲ್ಲಿ ಬಲಗೈ! 1974ರಲ್ಲಿ ಬೇಬ್ ರೂತ್‌ನ 714 ಹೋಮ್ ರನ್ನುಗಳ ದಾಖಲೆ ಮುರಿದು 755ಕ್ಕೆ ನಿಂತ. ಅವನದು ದೈತ್ಯ ದೇಹವೇನಲ್ಲ. ಕೊನೆಯ ಗಳಿಗೆಯವರೆಗೆ ಕಾದು ಆಮೇಲೆ ಬಿಡುವ ಮುಂಗೈಯೇ ಅವನ ಆಸ್ತಿ ಎಂದು ಎಲ್ಲರೂ ಹೇಳುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಇಲ್ಲವೇ? ಗಿಡ್ಡ ಆಳು, ಬೌಲರುಗಳ ಭುಜದೆತ್ತರಕ್ಕೂ ಬರದವರು. 1967ರಲ್ಲಿ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಮೇಲೆ 230. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟು, ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರ ಸ್ಕ್ವೇರ್ ಕಟ್ ನೋಡಿದ ನಮ್ಮ ಅಪ್ಪನ ಕಾಲದವರು ಇವತ್ತಿಗೂ ಮಾತಾಡುವುದು ಮುಂಗೈ ಬಗ್ಗೆಯೇ. ಕ್ರಿಕೆಟ್ಟಿನ ಹೊಡೆತ ಬೇಸ್‌ಬಾಲಿನದಕ್ಕಿಂತ ಬೇರೆ, ಒಪ್ಪುತ್ತೇನೆ. ಚೆಂಡು ನೆಲಕ್ಕೆ ಬಡಿದು ಬರುತ್ತದೆ, ಬ್ಯಾಟು ಬಹಳ ಸಲ ಮೇಲಿಂದ ಕೆಳಕ್ಕೆ ಬರುತ್ತದೆ. ಆದರೆ ಸ್ಕ್ವೇರ್ ಕಟ್ಟಿನಲ್ಲಿ ಬ್ಯಾಟು ಅಡ್ಡಕ್ಕೆ ಬರುವಾಗ ಕಾಲು, ಸೊಂಟ, ಹೆಗಲು, ಕೊನೆಗೆ ಮುಂಗೈ ಎಂಬ ಕ್ರಮ ಬದಲಾಗುವುದಿಲ್ಲ. ಮುಂಗೈ ಬಲ ಹುಟ್ಟಿಸುವುದಿಲ್ಲ, ಬಂದ ಬಲವನ್ನು ಹೊತ್ತು ನೋಡಿ ಬಿಟ್ಟುಕೊಡುತ್ತದೆ. ಅದಕ್ಕೆ ದಪ್ಪ ಬೇಡ, ಹೊತ್ತು ಗೊತ್ತಿರಬೇಕು.

ಇಷ್ಟಿದ್ದರೂ ಜನರ ಬಾಯಲ್ಲಿ ತೋಳೇ. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಹುಡುಗರು ಒಂದು ಟಿವಿ ಸ್ಪರ್ಧೆಯಿಂದ ಹೋಗಿ ಅಮೆರಿಕದ ಪಿಟ್ಸ್‌ಬರ್ಗ್ ತಂಡದ ಒಪ್ಪಂದ ಪಡೆದರು. ಅವರ ಕಥೆ 2014ರಲ್ಲಿ ಸಿನಿಮಾ ಆಯಿತು. ಹೆಸರೇನು? 'ಮಿಲಿಯನ್ ಡಾಲರ್ ಆರ್ಮ್'. ಅಲ್ಲೂ ತೋಳೇ! ಚೆಂಡು ಎಸೆಯುವುದಕ್ಕೂ ಕಾಲು ಸೊಂಟವೇ ಬೇಕು ಅನ್ನಿ, ಆದರೆ 'ಮಿಲಿಯನ್ ಡಾಲರ್ ಸೊಂಟ' ಎಂದು ಹೆಸರಿಟ್ಟರೆ ಟಿಕೆಟ್ ಮಾರಿಹೋಗುವುದು ಬೇರೆ ಕಾರಣಕ್ಕೆ ಇರಬೇಕು.

ತಮಾಷೆ ಸಾಕು. ನನಗೆ ಚಿಂತೆಯಾದದ್ದು ಇನ್ನೊಂದು. ಆರಿಸಲು ಹೋದ ಕಡೆ ಹೇಳಿಕೊಡುವ ಮಾತೆಲ್ಲ ಇಂಗ್ಲಿಷು, ಇಲ್ಲವೇ ಹಿಂದಿ. ನಮ್ಮ ಮಕ್ಕಳು ಕೊಂಕಣಿ ಕಲಿತುಬಿಡುತ್ತಾರೆ, ಹಿಂದಿಯೂ ಬರುತ್ತದೆ, ಭಾಷೆ ಬರುವುದಿಲ್ಲ ಅಂತಲ್ಲ. ಆದರೆ ಮೈಗೆ ತಿಳಿಯುವ ಮಾತು ಬೇರೆ. "ಹಿಪ್ ರೊಟೇಟ್ ಮಾಡು" ಅಂದಾಗ ಆ ಹುಡುಗ ತಲೆಯಾಡಿಸಿದ, ಮೈ ಕದಲಲಿಲ್ಲ. "ನಡಾ ಹಾಕು" ಅಂದ ಕೂಡಲೇ ಮೈ ತಿರುಗಿತು. ಅದೇ ರೀತಿ "ಎಲ್ಬೋ ಇನ್ಸೈಡ್" ಅನ್ನುವುದರ ಬದಲು "ಬಗಲಾಗ ಪುಸ್ತಕ ಹಿಡಕೊಂಡಂಗ" ಅಂದೆ. ಇನ್ನೊಬ್ಬ ಕೈ ಬೇಗ ಬಿಡುತ್ತಿದ್ದ, ಅವನ ಅಪ್ಪ ಸೌದೆ ಒಡೆಯುವವ. "ಕೊಡಲಿ ಬೀಳೂತನಕಾ ತಡಿ" ಅಂದರೆ ಸಾಕಾಯಿತು. ಅವರ ಅಪ್ಪಂದಿರು ಸುತ್ತಿಗೆಯಲ್ಲಿ ಕಲ್ಲು ಒಡೆಯುತ್ತಾರೆ, ಅವ್ವಂದಿರು ಒಗೆಯುತ್ತಾರೆ, ಅಜ್ಜಂದಿರು ಊರಲ್ಲಿ ಗುದ್ದಲಿ ಹಿಡಿಯುತ್ತಾರೆ. ದಿನಕ್ಕೆ ಎಂಟು ತಾಸು ದುಡಿದೂ ತೋಳು ಕಳಚಿ ಬೀಳದ ಹಾಗೆ ಮೈ ಬಳಸುವುದು ಆ ಮನೆಗಳಲ್ಲಿ ಮೂರು ತಲೆಮಾರಿನಿಂದ ಗೊತ್ತಿದೆ. ಶಾಲೆಯ ಗೇಟಿನೊಳಗೆ ಬಂದ ಕೂಡಲೇ ನಾವು ಆ ತಿಳಿವಳಿಕೆಯನ್ನು ಹೊರಗೆ ಚಪ್ಪಲಿಯ ಜೊತೆ ಬಿಡಿಸುತ್ತೇವೆ.

ಮಕ್ಕಳಿಗೆ ಬ್ಯಾಟು ಹೊಸದಿರಬಹುದು, ಬೀಸು ಹೊಸದಲ್ಲ. ಚಿಣಿಫಣಿ ಆಡದ ಹುಡುಗ ನಮ್ಮಲ್ಲಿ ಯಾರು? ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ನಮ್ಮ ಮೇಷ್ಟರುಗಳು ಸುತ್ತಮುತ್ತ ವಿಟಿದಾಂಡು ಎಂಬ ಹೆಸರು ಕೇಳಿರುತ್ತೀರಿ, ಕಾಸರಗೋಡಿನವರು ಕುಟ್ಟಿಯುಂ ಕೋಲುಂ. ಇಲ್ಲಿ ಕೊಂಕಣಿಯಲ್ಲಿ ಕೊಯಂಡೊ ಬಾಳ್. ಚಿಣಿ ಗಾಳಿಗೆ ಎದ್ದಾಗ ಮೊಣಕೈ ಮೈಗೆ ಹತ್ತಿರ ಇಟ್ಟು ಕೊನೆಗೆ ಮುಂಗೈ ಬಿಡುವ ಹುಡುಗನದೇ ದೂರ ಹೋಗುತ್ತದೆ. ಇಡೀ ಕೈ ಚಾಚಿ ಬೀಸುವವನದು ಬಹಳ ಸಲ ತಪ್ಪುತ್ತದೆ. 2023ರಲ್ಲಿ ಗೋವಾದಲ್ಲೇ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಲಗೋರಿಯನ್ನು ಪ್ರದರ್ಶನ ಆಟವಾಗಿ ಸೇರಿಸಿದ್ದರು. ಅದನ್ನು ಕೇಳಿ ನಮ್ಮ ಮಕ್ಕಳು "ಹಂಗಾರ ಚಿಣಿಫಣಿ ಯಾವಾಗ್ರಿ ಸರ?" ಅಂದಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಕ್ರಿಕೆಟ್ಟೂ ಇದೆ, ಬೇಸ್‌ಬಾಲ್-ಸಾಫ್ಟ್‌ಬಾಲೂ ಇದೆ. ಟಿವಿ ನೋಡಿ ನಮ್ಮ ಶಾಲೆಗಳಲ್ಲಿ ಈ ಆಟ ಕೇಳುವ ಮಕ್ಕಳು ಹೆಚ್ಚಾಗುತ್ತಾರೆ ಎಂದು ನನ್ನ ಅಂದಾಜು. ಆಗ ಯಾರನ್ನು ಬ್ಯಾಟಿನ ಹತ್ತಿರ ಬಿಡುತ್ತೇವೆ, ಯಾರನ್ನು ಬೇಲಿಯ ಹತ್ತಿರ ಚೆಂಡು ಹೆಕ್ಕಲು ನಿಲ್ಲಿಸುತ್ತೇವೆ ಎಂಬುದು ಈಗಲೇ ಯೋಚಿಸುವ ಮಾತು.

ಒಂದು ಆಕ್ಷೇಪ ಬರುತ್ತದೆ, ನಾನೇ ಹಾಕಿಕೊಳ್ಳುತ್ತೇನೆ. "ಹಾಗಾದರೆ ಸಣಕಲಾಗಿರುವುದೇ ಒಳ್ಳೆಯದೇ ಮೇಷ್ಟ್ರೇ?" ಖಂಡಿತ ಅಲ್ಲ. ಟೆಡ್ ವಿಲಿಯಮ್ಸ್ ಸಪೂರವಿದ್ದದ್ದು ಬೇರೆ, ಬೆಳಿಗ್ಗೆ ಬರೀ ಚಹಾ ಕುಡಿದು ಬರುವ ನನ್ನ ಹುಡುಗ ಸಪೂರವಿರುವುದು ಬೇರೆ. ತೊಡೆ, ಬೆನ್ನು, ಸೊಂಟಕ್ಕೆ ಬಲ ಬರುವುದೂ ಅನ್ನದಿಂದಲೇ. ಮುಂಗೈಗೆ ಕಸುವು ಬೇಕು, ಇಲ್ಲದಿದ್ದರೆ ಭಾರದ ಬ್ಯಾಟು ದಾರಿ ತಪ್ಪುತ್ತದೆ. ಅದಕ್ಕೇ ಚಿಕ್ಕ ಮಕ್ಕಳಿಗೆ ಹಗುರ ಬ್ಯಾಟು ಕೊಡಬೇಕು, ಇಲ್ಲವೇ ಹಿಡಿ ಮೇಲಕ್ಕೆ ಹಿಡಿಸಬೇಕು. ಗುಜರಿಯ ಆ ಬ್ಯಾಟನ್ನು ನಾವು ಹಿಡಿಯ ತುದಿಯಿಂದ ನಾಲ್ಕು ಬೆರಳು ಮೇಲೆಯೇ ಹಿಡಿಯುವುದು. ಇಲ್ಲಿ ಮಧ್ಯಾಹ್ನದ ಊಟಕ್ಕೆ ಪಾವ್‌ಭಾಜಿ ಬರುತ್ತದೆ, ಮಕ್ಕಳು ಖುಷಿಯಿಂದಲೇ ತಿನ್ನುತ್ತಾರೆ. ಜೊತೆಗೆ ದಿನಾ ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ ಸಿಕ್ಕರೆ ನಾನು ಯಾರ ಕಾಲಿಗಾದರೂ ಬೀಳಲು ತಯಾರು. ಆದರೆ "ಊಟ ಮಾಡಿ ಬಾ" ಎಂದು ಮಗುವಿಗೆ ಹೇಳಿ ನಗುವುದು ಆಯ್ಕೆಯ ಕ್ರಮವಲ್ಲ. ಆ ಊಟ ಅವನ ಕೈಯಲ್ಲಿಲ್ಲ, ಬ್ಯಾಟು ಅವನ ಕೈಗೆ ಕೊಡುವುದು ಮಾತ್ರ ನಮ್ಮ ಕೈಯಲ್ಲಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಆರಿಸುವವರು ತೋಳು ಮುಟ್ಟುವ ಮೊದಲು ಪೈಪಿನ ಮೇಲೆ ಚೆಂಡಿಟ್ಟು ಪ್ರತಿ ಮಗುವಿಗೂ ಐದು ಹೊಡೆತ ಕೊಡಲಿ. ಐದು ಸಾಕು. ಮೂವತ್ತು ಮಕ್ಕಳಿದ್ದರೆ ಒಂದು ತಾಸಿನಲ್ಲಿ ಮುಗಿಯುತ್ತದೆ. ಪೈಪು, ಡಬ್ಬಿ, ಮರಳು ನಾನೇ ತರುತ್ತೇನೆ, ಬಸ್ಸಿನಲ್ಲಿ ಕಂಡಕ್ಟರ್ ಬೈದರೂ ಚಿಂತೆಯಿಲ್ಲ. ನೋಡುವವರು ಮಗುವಿನ ತೋಳಿನ ಬದಲು ಬೆಲ್ಟು ಇರುವ ಜಾಗ ನೋಡಲಿ. ಅದು ಕೈಗಿಂತ ಮೊದಲು ತಿರುಗಿತೇ? ಮೊಣಕೈ ಪಕ್ಕೆಗೆ ಬಂತೇ? ತಿರುಗಿದರೆ, ಬಂದರೆ, ಆ ಮಗುವಿಗೆ ಹೇಳಿಕೊಡಲು ಇನ್ನು ಸ್ವಲ್ಪವೇ ಬಾಕಿ.

ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳ ಮೇಷ್ಟರೇ, ಬಾಯಾರೇ, ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಕಡೆ ಚಿಣಿ ದೂರ ಹೊಡೆಯಲು, ಕೊಡಲಿ ಬೀಸಲು, ಬಟ್ಟೆ ಒಗೆಯಲು, ಭತ್ತ ಬಡಿಯಲು ಹಿರಿಯರು ಏನೇನು ಮಾತಿನಲ್ಲಿ ಹೇಳಿಕೊಡುತ್ತಾರೆ? ಒಂದೊಂದು ಸಾಲು ಬರೆದು ಕಳಿಸಿ. "ನಡಾ ಹಾಕು" ಅಂಥವು ಇನ್ನೂ ಹತ್ತು ಸಿಕ್ಕರೆ ಮೈದಾನಕ್ಕೆ ಬೇರೆ ಪುಸ್ತಕ ಬೇಡ. ವಿಶೇಷವಾಗಿ ಭತ್ತ ಬಡಿಯುವವರ ಮಾತು ಬೇಕು, ನಮ್ಮ ಜೋಳದ ಸೀಮೆಯಲ್ಲಿ ಅದು ಸಿಗುವುದಿಲ್ಲ.

ಮುಂದಿನ ತಿಂಗಳು ಮತ್ತೆ ಆಯ್ಕೆ ಇದೆಯಂತೆ. ನಿನ್ನೆ ಸಂಜೆ ಬ್ಯಾಟನ್ನು ಗೋಣಿಚೀಲದಲ್ಲಿ ಸುತ್ತಿಡುವಾಗ ಹುಡುಗ ಕೇಳಿದ, "ಸರ, ಈ ಸಲಾನೂ ತೋಳ ಹಿಡದು ನೋಡ್ತಾರೇನ್ರಿ?"

"ನೋಡಿದ್ರ ನೋಡ್ಲಿ" ಅಂದೆ. "ಬ್ಯಾಟ ಕೊಡೂತನಕಾ ನಾ ಅಲ್ಲಿಂದ ಕದಲಂಗಿಲ್ಲ."